ಅಪ್‌ಡೇಟ್: ಮರ್ಗಟ್ರಾಯ್ಡ್ ಮನೆತನದ ಮೂಲ

ಮರ್ಗಟ್ರಾಯ್ಡ್ ಅನ್ನೋ ಅಪರೂಪದ ಇಂಗ್ಲಿಷ್ ಅಡ್ಡಹೆಸರು ಯಾವ ಊರಿನದು, ಹೇಗೆ ಹರಡಿತು ಎಂದು ಕೇಳಿದ್ದೆ. ಉತ್ತರ: ವೆಸ್ಟ್ ಯಾರ್ಕ್‌ಶೈರ್‌ನ ಹ್ಯಾಲಿಫ್ಯಾಕ್ಸ್ ಪಕ್ಕದ ವಾರ್ಲಿ. 'ರಾಯ್ಡ್' ಎಂದರೆ ಕಾಡು ಕಡಿದು ಮಾಡಿದ ಜಮೀನು; ಆಕ್ರಾಯ್ಡ್, ಹಾಲ್ರಾಯ್ಡ್ ಕೂಡ ಅದೇ ಸೀಮೆಯವು. ಹೆಸರು ತುಂಬಾ ದೂರವೇನೂ ಹೋಗಲಿಲ್ಲ. ಹ್ಯಾಲಿಫ್ಯಾಕ್ಸ್‌ನ ಬಟ್ಟೆ ವ್ಯಾಪಾರಿ ಜೇಮ್ಸ್ ಮರ್ಗಟ್ರಾಯ್ಡ್ 1640ರ ದಶಕದಲ್ಲಿ ಈಸ್ಟ್ ರಿಡಲ್ಸ್‌ಡನ್ ಹಾಲ್ ಕಟ್ಟಿಸಿದ್ದು ಹತ್ತಿರದ ಕೀಥ್ಲಿಯಲ್ಲೇ.

ಈ ಹೆಸರಿನ ಹಿರಿಯರನ್ನು ಹುಡುಕುವವರು 1881ರ ಜನಗಣತಿಯಿಂದ ಶುರು ಮಾಡಿ. ವಾಸದ ಊರಿಗಿಂತ ಹುಟ್ಟಿದ ಊರಿನ ಕಾಲಂ ಮುಖ್ಯ. ಗಿರಣಿ ಕೆಲಸಕ್ಕೆ ವಲಸೆ ಹೋದವರು ಅಲ್ಲೇ ಸಿಕ್ಕಿಬೀಳೋದು. ಆಮೇಲೆ ಜುಲೈ 1837ರಿಂದ ಶುರುವಾಗುವ ಜನನ ಸೂಚಿ, ಅಂದರೆ ಸರ್ಕಾರಿ ಜನನ ನೋಂದಣಿಗಳ ಪಟ್ಟಿ. ಅದರಲ್ಲಿ ಹ್ಯಾಲಿಫ್ಯಾಕ್ಸ್ ನೋಂದಣಿಗಳ ಸಂಪುಟ ಸಂಖ್ಯೆ 1851ರವರೆಗೆ 22, ನಂತರ 9ಎ. ಜನರಲ್ ರಿಜಿಸ್ಟರ್ ಆಫೀಸಿನ (ಅಲ್ಲಿನ ಸರ್ಕಾರಿ ಜನನ-ಮರಣ ನೋಂದಣಿ ಕಚೇರಿ) ಆನ್‌ಲೈನ್ ಸೂಚಿಯನ್ನೇ ಬಳಸಿ, ಅದರಲ್ಲಿ ತಾಯಿಯ ತವರು ಹೆಸರು ಮೊದಲಿನಿಂದಲೂ ಇದೆ. ಹಳೇ ಮುದ್ರಿತ ಸೂಚಿಯಲ್ಲಿ 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಮಾತ್ರ.

ಅದಕ್ಕೂ ಹಿಂದೆ ಚರ್ಚ್ ದಾಖಲೆಗಳು. ಎಡವೋದು ಇಲ್ಲೇ: 1752ಕ್ಕೆ ಮುಂಚೆ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ದಾಖಲೆಯ 'ಫೆಬ್ರವರಿ 1740' ನಮ್ಮ ಲೆಕ್ಕದಲ್ಲಿ 1741. ಕಾಗುಣಿತ ಮರ್ಗಿಟ್ರಾಯ್ಡ್, ಮಾರ್ಗಟ್ರಾಯ್ಡ್ ಅಂತೆಲ್ಲ ಬದಲಾಗುವುದರಿಂದ ಸ್ವರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ.