ಸಮುದಾಯ ಮಾನಸಿಕ ಆರೋಗ್ಯದ ಕೆಲಸ ಕಲಿಯುವವರಿಗೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಜೊತೆ ಇರುವ ಮೇಡಂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ 17 ವರ್ಷದಿಂದ ಸಮಾಜ ಕಾರ್ಯಕರ್ತೆ. ಇಂಟರ್ನ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ಕಾಯಿಲೆಯಿಂದ ಚೇತರಿಸಿಕೊಂಡು ಈಗ ಬೇರೆಯವರಿಗೆ ಜೊತೆಯಾಗುವ ಸಹವರ್ತಿಗಳಿಗೆ ತರಬೇತಿ ಕೊಡುತ್ತಾರೆ. ರೋಗಿಯ ಹೆಸರು, ಊರು ಬರೆಯಬೇಡಿ. ಫಾರ್ವರ್ಡ್ ಹಾಕಬೇಡಿ.

ಬಿಎ ಸೈಕಾಲಜಿ, ಕೊನೆಯ ವರ್ಷ: ಮೇಡಂ, ಮೂರು ತಿಂಗಳ ಆನ್‌ಲೈನ್ ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತಾ?

ಮೇಡಂ: ಅದೊಂದನ್ನೇ ನಂಬಿಕೊಂಡು ಹೋಗಬೇಡಿ. ಜಿಲ್ಲಾ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ಸಮುದಾಯ ನರ್ಸ್ ಇರುತ್ತಾರೆ. ಒಂದೊಂದಕ್ಕೂ ಬೇರೆ ಬೇರೆ ಓದು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಇಷ್ಟು ದಿನ ಅದಕ್ಕೆ ಎರಡು ವರ್ಷದ ಎಂಫಿಲ್ ಇತ್ತು. ಎಂಫಿಲ್ ಪದವಿಯನ್ನೇ ಯುಜಿಸಿ ನಿಲ್ಲಿಸಿದೆ, ಹೊಸ ಕೋರ್ಸ್‌ಗಳು ಬರುತ್ತಿವೆ. ಫೀಸು ಕಟ್ಟುವ ಮುಂಚೆ ಆರ್‌ಸಿಐ ಪಟ್ಟಿಯಲ್ಲಿ ಆ ಕಾಲೇಜು ಇದೆಯಾ ನೋಡಿ.

ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ: ಮೇಡಂ, ತರಬೇತಿಯಲ್ಲಿ ನಮಗೆ 'ಖಿನ್ನತೆ' ಅಂತ ಹೇಳಿಕೊಟ್ಟರು. ಮನೆಗೆ ಹೋಗಿ ಹಾಗೆ ಕೇಳಿದರೆ ಯಾರಿಗೂ ತಿಳಿಯಲ್ಲ. ಏನಂತ ಕೇಳಬೇಕು?

ಮೇಡಂ: ಒಳ್ಳೆಯ ಪ್ರಶ್ನೆ ಅಕ್ಕಾ. ಆ ಪದ ರಿಜಿಸ್ಟರ್‌ನಲ್ಲಿ ಇರಲಿ, ಬಾಯಲ್ಲಿ ಬೇಡ. ರಾತ್ರಿ ನಿದ್ದೆ ಹತ್ತುತ್ತಾ? ಊಟ ರುಚಿಸುತ್ತಾ? ಯೋಚನೆ ಜಾಸ್ತಿ ಆಗಿದೆಯಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಈಗ ಬೇಡ ಅನ್ನಿಸುತ್ತಾ? ಎಷ್ಟು ದಿನದಿಂದ? ಇಷ್ಟು ಸಾಕು. ನನ್ನ ಇಂಟರ್ನ್‌ಗಳಿಗೆ ಮೊದಲ ವಾರ ನೋಟ್‌ಬುಕ್ ತೆಗೆಯಲು ಬಿಡುವುದಿಲ್ಲ. ಜಗಲಿ ಮೇಲೆ ಕೂತು ಜನ ತಮ್ಮ ಕಷ್ಟಕ್ಕೆ ಏನು ಹೆಸರು ಇಡುತ್ತಾರೆ ಅಂತ ಕೇಳಿಸಿಕೊಂಡು ಬರಬೇಕು.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ: ಮೇಡಂ, ನನಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ಲೇಸ್‌ಮೆಂಟ್. ಮನೆ ಭೇಟಿಗೆ ಹೋದಾಗ ಒಬ್ಬ ಅಕ್ಕ ಪರಿಚಯ ಆದರು. ಹೆರಿಗೆಯಾಗಿ ನಾಲ್ಕು ತಿಂಗಳು. ಹೋದ ವಾರ ನನ್ನ ಕೈ ಹಿಡಿದುಕೊಂಡು, ಬದುಕಬೇಕು ಅನ್ನಿಸಲ್ಲ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡು ಅಂದರು. ಮಾಡಿಬಿಟ್ಟೆ. ನನ್ನ ಸ್ವಂತ ನಂಬರ್ ಕೊಟ್ಟಿದ್ದೇನೆ. ದಿನಾ ರಾತ್ರಿ ಫೋನ್ ಮಾಡುತ್ತಿದ್ದರು, ಒಂದೊಂದು ಸಲ ಎರಡು ಗಂಟೆಗೆ. ನಿನ್ನೆ ಮಾಡಲಿಲ್ಲ. ಸೂಪರ್‌ವೈಸರ್ 15 ದಿನಕ್ಕೊಮ್ಮೆ ಬರುತ್ತಾರೆ. ಗೌಪ್ಯತೆ ಮುರಿಯಬಾರದು ಅಂತ ಕ್ಲಾಸಿನಲ್ಲಿ ಹೇಳಿದ್ದಾರೆ. ಏನು ಮಾಡಲಿ?

ಮೇಡಂ: ಮೊದಲು ಫೋನ್ ಮಾಡಮ್ಮ, ಮಿಕ್ಕಿದ್ದು ಆಮೇಲೆ ಓದು. ಸೂಪರ್‌ವೈಸರ್‌ಗೆ ಮಾಡು. ಎತ್ತದಿದ್ದರೆ ಆಸ್ಪತ್ರೆಯ ಡ್ಯೂಟಿ ಡಾಕ್ಟರ್‌ಗೆ. ಆ ಊರಿನ ಆಶಾ ಅಕ್ಕನಿಗೆ ಹೇಳು, ಈಗಲೇ ಆ ಮನೆಗೆ ಹೋಗಿ ತಾಯಿ, ಮಗು ಇಬ್ಬರನ್ನೂ ನೋಡಿ ಬರಲಿ. ಜೀವಕ್ಕೆ ಅಪಾಯ ಅಂತ ಅನ್ನಿಸಿದರೆ 108.

ಮಾಡಿದ್ಯಾ? ಈಗ ಓದು.

ಆಣೆ ಮಾಡಿದ್ದಕ್ಕೆ ನಾನು ಬೈಯುವುದಿಲ್ಲ. ಕಲಿಯುವಾಗ ನಾನೂ ಒಬ್ಬರಿಗೆ ಹೀಗೇ ಮಾತು ಕೊಟ್ಟೆ. 11 ದಿನ ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯವರು ಬೇಗ ನೋಡಿದ್ದರಿಂದ ಆತ ಉಳಿದರು, ನನ್ನಿಂದ ಅಲ್ಲ. ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಗೌಪ್ಯತೆ ಇರುವುದು ಅವರ ಒಳ್ಳೆಯದಕ್ಕೆ. ಜೀವಕ್ಕೆ ಅಪಾಯ ಇದ್ದಾಗ ಎಷ್ಟು ಬೇಕೋ ಅಷ್ಟನ್ನು, ಯಾರಿಗೆ ಬೇಕೋ ಅವರಿಗೆ ಹೇಳಲು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂನಲ್ಲೇ ಅವಕಾಶ ಇದೆ.

ಆ ಅಕ್ಕನಿಗೆ ನೀನೇ ಹೇಳು: 'ನಿಮಗೆ ಮಾತು ಕೊಟ್ಟಿದ್ದೆ, ಅದನ್ನು ಉಳಿಸಿಕೊಳ್ಳಲು ಆಗಲ್ಲ, ನೀವು ನನಗೆ ಬೇಕು.' ಸಿಟ್ಟಾಗಬಹುದು, ಅಳಬಹುದು. ಜೊತೆಗೇ ಕೂತಿರು. ಸಾಯುವ ಯೋಚನೆ ಬರುತ್ತಿದೆಯಾ, ಹೇಗೆ ಅಂತ ಏನಾದರೂ ಯೋಚಿಸಿದ್ದೀರಾ, ಮಗುವಿನ ಬಗ್ಗೆಯೂ ಹಾಗೆ ಅನ್ನಿಸಿತಾ ಅಂತ ನೇರವಾಗಿ ಕೇಳು. ಕೇಳಿದರೆ ತಲೆಯಲ್ಲಿ ಹುಳ ಬಿಟ್ಟಂತಾಗುತ್ತದೆ ಅನ್ನುವುದು ಸುಳ್ಳು. ಕೇಳುವವರು ಒಬ್ಬರು ಸಿಕ್ಕರಲ್ಲ ಅಂತ ಎಷ್ಟೋ ಜನ ನಿಟ್ಟುಸಿರು ಬಿಡುವುದನ್ನು ನೋಡಿದ್ದೇನೆ.

ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಇವತ್ತೇ ಆ ಮನೆಯಿಂದ ಆಚೆ ಹೋಗಬೇಕು. ಅಟ್ಟದ ಮೇಲೆ ಇಡುವುದಲ್ಲ, ಬೇರೆಯವರ ಮನೆಯಲ್ಲಿ ಬೀಗದೊಳಗೆ. ಇದು ಚಿಕ್ಕ ಕೆಲಸ ಅಂದುಕೊಳ್ಳಬೇಡ. ಶ್ರೀಲಂಕಾದಲ್ಲಿ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ದೇಶದ ಆತ್ಮಹತ್ಯೆ ಪ್ರಮಾಣವೇ ಇಳಿಯಿತು. ಆ ಕ್ಷಣ ಕೈಗೆ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಾರೆ. ರಾತ್ರಿ ಪಕ್ಕದಲ್ಲಿ ಯಾರು ಮಲಗುತ್ತಾರೆ, ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಅನ್ನುವುದೂ ಇವತ್ತೇ ಗೊತ್ತಾಗಬೇಕು. ಡಾಕ್ಟರ್ ಇವತ್ತೇ ನೋಡಲಿ. ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ವರೆಗೆ ಕಾಯುವುದು ಬೇಡ.

ಪೊಲೀಸ್ ಕೇಸ್ ಆಗುತ್ತದೆ ಅಂತ ಮನೆಯವರು ಹೆದರಿದರೆ ಅದೇ ಕಾಯ್ದೆಯ 115ನೇ ಕಲಂ ಹೇಳು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಅಂತಲೇ ಕಾನೂನು ನೋಡುತ್ತದೆ, ಶಿಕ್ಷೆಯ ಕಣ್ಣಿಂದ ಅಲ್ಲ.

ಸ್ವಂತ ನಂಬರ್ ಬದಲು 14416 ಕೊಡು. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀನು ನಿದ್ದೆ ಮಾಡಬೇಕು. ಸಂಜೆ ನನಗೆ ಖಾಸಗಿಯಾಗಿ ಫೋನ್ ಮಾಡು.

ಬಿಎ ಸೈಕಾಲಜಿ, ಇನ್ನೊಬ್ಬರು: ಆನ್‌ಲೈನ್ ಡಿಪ್ಲೊಮಾ ನಡೆಯುತ್ತಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ನಿವೃತ್ತ ಶಿಕ್ಷಕರು, ತುಮಕೂರು: ಎಲ್ಲರ ಉಪಯೋಗಕ್ಕೆ. ಬೂದುಕುಂಬಳಕಾಯಿ ರಸ, ಪೂರ್ತಿ ಉಪ್ಪಿಲ್ಲದ ಪಥ್ಯ, 21 ದಿನ. ಮಾತ್ರೆ ಬಿಟ್ಟು ಮನಸ್ಸು ತಿಳಿಯಾಗುತ್ತದೆ. ನೂರಾರು ಜನಕ್ಕೆ ಗುಣವಾಗಿದೆ. ಶೇರ್ ಮಾಡಿ.

ಮೇಡಂ: ಸರ್, ದಯವಿಟ್ಟು ಇದನ್ನು ಅಳಿಸಿ. ಈ ಗುಂಪಿನಲ್ಲಿ ಮಾತ್ರೆ ಮೇಲೆ ಬದುಕು ಕಟ್ಟಿಕೊಂಡವರು ಇದ್ದಾರೆ.

ನಿವೃತ್ತ ಶಿಕ್ಷಕರು: ಕುಂಬಳಕಾಯಿಯಲ್ಲಿ ಏನು ದೋಷ ಕಂಡಿರಿ ಮೇಡಂ? ನಮ್ಮ ಹಿರಿಯರು ದಡ್ಡರಾ?

ಸಹವರ್ತಿ, ತರಬೇತಿಯಲ್ಲಿ: ಮೇಡಂ, ನಾನು ಆರು ವರ್ಷದಿಂದ ಲಿಥಿಯಂ, ಅಂದರೆ ಮನಸ್ಸಿನ ಏರಿಳಿತ ತಡೆಯುವ ಮಾತ್ರೆ, ತೆಗೆದುಕೊಳ್ಳುತ್ತಿದ್ದೇನೆ. ಸಹವರ್ತಿ ಆಗುವವನು ಮಾತ್ರೆ ಇಲ್ಲದೆ ಇರಬೇಕು, ಇಲ್ಲಾಂದ್ರೆ ಜನ ನಂಬಲ್ಲ ಅಂತ ಒಬ್ಬರು ಹೇಳಿದರು. ಮಾತ್ರೆ ಇನ್ನೂ ಬಿಟ್ಟಿಲ್ಲ. ಇದೇ ಪಥ್ಯ ಎಂಟು ದಿನದಿಂದ ಮಾಡುತ್ತಿದ್ದೇನೆ. ಎರಡು ದಿನದಿಂದ ಭೇದಿ. ಬೆಳಿಗ್ಗೆ ಟೀ ಲೋಟ ಎತ್ತಿದರೆ ತುಳುಕಿ ಅಂಗಿ ಮೇಲೆ ಬಿತ್ತು, ಕೈ ಅಷ್ಟು ನಡುಗುತ್ತಿದೆ. ದೇಹದ ವಿಷ ಹೊರಗೆ ಹೋಗುವಾಗ ಹಾಗಾಗುತ್ತದೆ ಅಂದರು. ಹೌದಾ?

ಮೇಡಂ: ಅಲ್ಲ. ಈಗ ಮನೆಯಲ್ಲಿ ಯಾರಿದ್ದಾರೆ? ಅವರನ್ನು ಕರೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಗಾಡಿ ನೀವು ಓಡಿಸಬೇಡಿ. ಉಪ್ಪು ಪೂರ್ತಿ ಬಿಟ್ಟರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಹಾಕದೆ ಒಳಗೇ ಹಿಡಿದುಕೊಳ್ಳುತ್ತದೆ. ಭೇದಿಯಾಗಿ ನೀರು ಕಮ್ಮಿಯಾದರೂ ಅದೇ. ಅದೇ ಮಾತ್ರೆ, ಅಷ್ಟೇ ಡೋಸ್, ಆದರೆ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ನಡುಕ, ಭೇದಿ ಅದರ ಲಕ್ಷಣ. ಮಾತು ತೊದಲಿದರೆ, ನಡೆಯುವಾಗ ತೂರಾಡಿದರೆ ಒಂದು ನಿಮಿಷವೂ ತಡ ಬೇಡ.

ಡಾಕ್ಟರ್ ನೋಡುವವರೆಗೆ ಮುಂದಿನ ಡೋಸ್ ನುಂಗಬೇಡಿ. ನೋವಿನ ಮಾತ್ರೆ, ಅದರಲ್ಲೂ ಐಬುಪ್ರೊಫೇನ್, ತೆಗೆದುಕೊಳ್ಳಬೇಡಿ, ಅದೂ ಲಿಥಿಯಂ ಏರಿಸುತ್ತದೆ. ಮಾತ್ರೆಯ ಚೀಟಿ ಜೇಬಿನಲ್ಲಿರಲಿ. 'ಲಿಥಿಯಂ ಲೆವೆಲ್, ಕಿಡ್ನಿ ಟೆಸ್ಟ್ ಮಾಡಿಸಿ' ಅಂತ ನೀವೇ ಬಾಯಿ ಬಿಟ್ಟು ಹೇಳಿ. ತಲುಪಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಮಾತ್ರೆ ತೆಗೆದುಕೊಳ್ಳುತ್ತಾ ಆರು ವರ್ಷ ಸಂಸಾರ, ಕೆಲಸ ಎಲ್ಲಾ ತೂಗಿಸಿದ್ದೀರಲ್ಲ, ಹೊಸದಾಗಿ ಕಾಯಿಲೆ ಬಿದ್ದವರಿಗೆ ನೀವು ತೋರಿಸಬೇಕಾದದ್ದೇ ಅದು. ಅದಕ್ಕೇ ನಿಮ್ಮನ್ನು ತರಬೇತಿಗೆ ಕರೆದದ್ದು.

ನಿವೃತ್ತ ಶಿಕ್ಷಕರು: ನಾನು ಬಂದದ್ದನ್ನು ಕಳಿಸಿದೆ ಅಷ್ಟೇ. ನನ್ನ ಮೇಲೆ ಯಾಕೆ?

ಮೇಡಂ: ಸರ್, ಅವರ ಕೈ ನಡುಗುತ್ತಿದೆ. ಇನ್ನೂ ನೀವು ಅದನ್ನು ಅಳಿಸಿಲ್ಲ.

ಎಂಎಸ್ಸಿ ಸೈಕಾಲಜಿ: ಕ್ಷಮಿಸಿ, ನೇರವಾಗಿ ಹೇಳುತ್ತೇನೆ. ಇದಕ್ಕೇ ಪೇಷೆಂಟ್‌ಗಳನ್ನು, ಆಶಾಗಳನ್ನು ಈ ಕೆಲಸಕ್ಕೆ ಹಾಕಬಾರದು ಅನ್ನುವುದು. ಐದಾರು ವರ್ಷ ಓದಿದ ನಾವು ಯಾಕಿದ್ದೇವೆ?

ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ: ಓದಿದವರು ನಮ್ಮ ಊರಿಗೆ ಬಂದಿದ್ದು ನಾನಂತೂ ನೋಡಿಲ್ಲ ಸರ್.

ಎಂಎಸ್ಸಿ ಸೈಕಾಲಜಿ: ಅದು ಸರ್ಕಾರದ ತಪ್ಪು. ತರಬೇತಿ ಇಲ್ಲದವರು ಮನಸ್ಸಿಗೆ ಕೈ ಹಾಕುವುದು ಅಪಾಯ.

ಸಹವರ್ತಿಯ ತಂಗಿ: ಅಣ್ಣನನ್ನು ಆಟೋದಲ್ಲಿ ಕರೆದುಕೊಂಡು ಹೊರಟಿದ್ದೇವೆ. ಆಸ್ಪತ್ರೆ ಸೇರಿದ ಮೇಲೆ ಬರೆಯುತ್ತೇನೆ. ಪೇಷೆಂಟ್ ಅಂತ ಬರೆದಿರಲ್ಲ ಸರ್, ಅವನಿಗೆ ಹೆಸರಿದೆ.

ನರ್ಸ್, ಕಲಬುರಗಿ: ರೀ, ನೀವು ಎಷ್ಟು ಹಳ್ಳಿ ನೋಡಿದ್ದೀರಿ?

ಎಂಎಸ್ಸಿ ಸೈಕಾಲಜಿ: ವೈಯಕ್ತಿಕವಾಗಿ ಮಾತಾಡಬೇಡಿ ರೀ.

ಮೇಡಂ: ಇಬ್ಬರೂ ನಿಲ್ಲಿಸಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ನಡೆಸಿತು. ಕಾಯಿಲೆಗೆ ತಕ್ಕಂತೆ 100ರಲ್ಲಿ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಬರೀ ನಾನೂ ನೀವೂ ಸೇರಿ ಅಷ್ಟು ಜನರನ್ನು ನೋಡಲು ಆಗುತ್ತಾ? ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ ಅಂಗಳದ ಬೆಂಚಿನ ಮೇಲೆ ಕೂರಿಸಿ ಜನರ ಜೊತೆ ಮಾತಾಡಿಸಿದರು. ಅಲ್ಲಿನವರೂ ತಮ್ಮ ಕಷ್ಟಕ್ಕೆ 'ಯೋಚನೆ ಜಾಸ್ತಿ' ಅಂತಲೇ ಹೇಳುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಅಜ್ಜಿಯರ ಹತ್ತಿರ ಹೋದವರಿಗೆ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಜಾಸ್ತಿ ಗುಣ ಕಂಡಿತು. ಆದರೆ ಆ ಅಜ್ಜಿಯರನ್ನು ಸುಮ್ನೆ ಬಿಟ್ಟಿರಲಿಲ್ಲ. ಮೇಲೆ ನೋಡುವವರು ಇದ್ದರು, ಕಷ್ಟದ ಕೇಸ್ ಯಾರಿಗೆ ದಾಟಿಸಬೇಕು ಅಂತ ಗೊತ್ತಿತ್ತು. ಇವತ್ತು ಆ ಹುಡುಗಿಗೂ ಈ ಅಣ್ಣನಿಗೂ ಕಮ್ಮಿ ಬಿದ್ದದ್ದು ಕೇಳುವವರು. ಹದಿನೈದು ದಿನಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುವುದನ್ನು ಸೂಪರ್‌ವಿಷನ್ ಅನ್ನುವುದಿಲ್ಲ. ವಾರಕ್ಕೆ ಒಂದು ಗಂಟೆ ಕೂತು, ಆ ವಾರ ನಿನ್ನನ್ನು ಹೆದರಿಸಿದ ಒಂದು ಕೇಸ್ ಹೇಳು ಅಂತ ಕೇಳಬೇಕು. ಕಾಲೇಜಿನವರೂ ಓದುತ್ತಿದ್ದರೆ ಓದಲಿ.

ಸಂಸ್ಥೆಯೊಂದರ ಸ್ವಯಂಸೇವಕ: ಸಹವರ್ತಿಗಳಿಗೆ ಸಂಬಳ ಕೊಡಬೇಕಾ, ಬರೀ ಬಸ್ ಚಾರ್ಜ್ ಸಾಕಾ?

ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ: ಮೇಡಂ, ಇಂಥ ಮನೆಗೆ ಹೋಗಿ ಬಂದ ರಾತ್ರಿ ನನಗೇ ನಿದ್ದೆ ಬರಲ್ಲ. ಅದನ್ನು ಯಾರ ಹತ್ತಿರ ಹೇಳಬೇಕು?

ನಿವೃತ್ತ ಶಿಕ್ಷಕರು: ಆಯುರ್ವೇದ ಅಂದರೆ ಈ ಗುಂಪಿಗೆ ಅಲರ್ಜಿ. ನಾನು ಹೊರಗೆ ಹೋಗುತ್ತೇನೆ.

ನರ್ಸ್, ಕಲಬುರಗಿ: ಹೋಗುವ ಮುಂಚೆ ಅಳಿಸಿ ಹೋಗಿ.

ಅಡ್ಮಿನ್: ನಾನೇ ಅಳಿಸಿದ್ದೇನೆ.

ಬಿಎ ಸೈಕಾಲಜಿ, ಮತ್ತೊಬ್ಬರು: ಮೇಡಂ ಆನ್‌ಲೈನ್ ಕೋರ್ಸ್...

ಮೇಡಂ: ಮೇಲೆ ನೋಡಿ.

ಸಹವರ್ತಿಯ ತಂಗಿ: ಅಡ್ಮಿಟ್ ಮಾಡಿಕೊಂಡರು. ಡ್ರಿಪ್ ಹಾಕಿದ್ದಾರೆ. ಲಿಥಿಯಂ ಜಾಸ್ತಿ ಇದೆಯಂತೆ. ಮಾತಾಡುತ್ತಿದ್ದಾನೆ.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ: ಮೇಡಂ, ಆಶಾ ಅಕ್ಕ ಹೋಗಿದ್ದರು. ಇಬ್ಬರೂ ಚೆನ್ನಾಗಿದ್ದಾರೆ. ಫೋನ್ ಬರದಿದ್ದದ್ದು ಕರೆನ್ಸಿ ಖಾಲಿಯಾಗಿ. ಔಷಧಿ ಡಬ್ಬಿಗಳನ್ನು ಅವರ ಮಾವ ಗೋಣಿಚೀಲದಲ್ಲಿ ಕಟ್ಟಿ ಸೊಸೈಟಿಯವರ ಗೋದಾಮಿಗೆ ಕೊಟ್ಟು ಬಂದರು. ಸೂಪರ್‌ವೈಸರ್ ಹೊರಟಿದ್ದಾರೆ. ಅಕ್ಕ ನನ್ನ ಜೊತೆ ಮಾತಾಡುತ್ತಿಲ್ಲ, ಆದರೆ ಜೀಪ್ ಹತ್ತಿದ್ದಾರೆ. ಮಗು ನನ್ನ ತೊಡೆ ಮೇಲಿದೆ.

ಮೇಡಂ: ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲೇ ಕೂತ್ಕೋ. ಅವರು ಮಾತಾಡದಿದ್ದರೂ ಪರವಾಗಿಲ್ಲ. ಡಾಕ್ಟರ್ ಒಳಗೆ ಕರೆದಾಗ ಮಗುವನ್ನು ನೀನು ಹಿಡ್ಕೋ. ಇವತ್ತಿನ ತಾರೀಖು, ಗಂಟೆ, ಯಾರಿಗೆ ಏನು ಹೇಳಿದೆ ಅಂತ ಬರೆದಿಡು. ಎಂಟು ಗಂಟೆಗೆ ನಾನೇ ಫೋನ್ ಮಾಡುತ್ತೇನೆ.