ಬೆರ್ಖ್ಟೆಸ್‌ಗಾಡನ್ ನ್ಯಾಷನಲ್ ಪಾರ್ಕ್: ಅಪ್ಪ ಅಮ್ಮನ್ನ ಕರ್ಕೊಂಡು ಎರಡು ದಿನ, ಏನು ನೋಡೋದು ಏನು ಬಿಡೋದು?

ಮಲ್ನಾಡ್_ಇನ್_ಮ್ಯೂನಿಕ್:

ಎಲ್ರಿಗೂ ನಮಸ್ಕಾರ. ಜೂನ್ ಕೊನೇ ವಾರ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬರ್ತಿದಾರೆ, ಇಂಡಿಯಾ ಬಿಟ್ಟು ಹೊರಗೆ ಬರ್ತಿರೋದು ಇದೇ ಮೊದಲು. ಅರಮನೆ ಚರ್ಚು ಮ್ಯೂಸಿಯಂ ಎಲ್ಲ ಅವರಿಗೆ ಒಂದು ದಿನಕ್ಕೇ ಸಾಕಾಗಿ ಹೋಗುತ್ತೆ, ಅಪ್ಪಂಗೆ ಕಾಡು ಗುಡ್ಡ ಹೊಳೆ ಇದ್ರೆ ಸಾಕು, ಅದಕ್ಕೆ ಬೆರ್ಖ್ಟೆಸ್‌ಗಾಡನ್ ಅಂದ್ಕೊಂಡಿದೀನಿ, ಜರ್ಮನಿಲಿ ಆಲ್ಪ್ಸ್ ಒಳಗಿರೋ ನ್ಯಾಷನಲ್ ಪಾರ್ಕ್ ಇದೊಂದೇ ಅಂತಲ್ಲ. ಎರಡು ದಿನ ಒಂದು ರಾತ್ರಿ, ಕಾರಿಲ್ಲ, ಟ್ರೈನಲ್ಲೇ ಹೋಗೋದು. ಅಪ್ಪಂಗೆ 68, ಈಗ್ಲೂ ದಿನಾ ತೋಟ ಸುತ್ತಿ ಬರ್ತಾರೆ, ಅವರದ್ದು ಯೋಚ್ನೆ ಇಲ್ಲ. ಅಮ್ಮಂಗೆ ಮಂಡಿ ನೋವು, ಸಮತಟ್ಟಾಗಿದ್ರೆ ಒಂದು ಗಂಟೆ ನಡೀತಾರೆ, ಹತ್ತೋದಕ್ಕಿಂತ ಇಳಿಯೋದು ಕಷ್ಟ.

ನೆಟ್ಟಲ್ಲಿ ನೋಡಿದ್ರೆ ಕೆರೆ, ಫಾಲ್ಸು, ಐಸ್ ಗುಹೆ, ಕೊರಕಲು, ಕೇಬಲ್ ಕಾರು, ಬಂಡೆ ತುದೀಲಿ ಸ್ವಿಮ್ಮಿಂಗ್ ಪೂಲ್ ತರ ಒಂದು ನೀರಿನ ಗುಂಡಿ, ಹಿಟ್ಲರ್ ಕಾಲದ ಬೆಟ್ಟದ ಮೇಲಿನ ಮನೆ, ಹೀಗೆ ಇಪ್ಪತ್ತು ಹೆಸರು ಬರುತ್ತೆ. ಹೋಗಿ ಬಂದವರು ಹೇಳಿ, ಯಾವುದು ನಿಜವಾಗ್ಲೂ ನೋಡೋ ಹಾಗಿದೆ? ಜೋಗ ನೋಡ್ಕೊಂಡೇ ಬೆಳೆದ ಮನುಷ್ಯ, "ಇದೇನು ಮಹಾ" ಅಂದ್ಬಿಟ್ರೆ ಅನ್ನೋದೇ ನನ್ನ ಭಯ. ಊಟ ಪ್ಯೂರ್ ವೆಜ್, ಮೊಟ್ಟೇನೂ ಇಲ್ಲ.

ಸುಮಾ_ರೋಸನ್‌ಹೈಮ್:

ನಮ್ಮ ಅತ್ತೆ ಮಾವನ್ನ ಕರ್ಕೊಂಡು ಹೋಗಿದ್ದೆ, ಆಮೇಲೆ ನಾವಿಬ್ರೇ ಇನ್ನೊಂದ್ಸಲ. ಒಂದೇ ಮಾತು ಹೇಳೋದಾದ್ರೆ, ಕೋನಿಗ್ಸ್‌ಸೇ ಕೆರೇಲಿ ಬೆಳಿಗ್ಗೆ ಮೊದಲ ಬೋಟ್ ಹಿಡೀರಿ, ಮಧ್ಯದಲ್ಲಿ ಎಲ್ಲೂ ಇಳೀದೆ ನೇರ ಕೊನೇ ಸ್ಟಾಪ್ ಸಾಲೆಟ್‌ಗೆ ಹೋಗಿ. ಎಲ್ರೂ ಕೆಂಪು ಗುಮ್ಮಟದ ಚರ್ಚ್ ಇರೋ ಸೇಂಟ್ ಬಾರ್ತೊಲೊಮೆಲಿ ಇಳಿದು ಫೋಟೋ ಹೊಡ್ಕೊಂಡು ಐಸ್‌ಕ್ರೀಮ್ ತಿಂದು ವಾಪಸ್ ಬಂದ್ಬಿಡ್ತಾರೆ, ಅದನ್ನ ಬರ್ತಾ ನೋಡಿದ್ರಾಯ್ತು.

ಆ ಕೆರೆ ಸುಮಾರು 8 ಕಿ.ಮೀ. ಉದ್ದ, ಆಳ 190 ಮೀಟರ್ ವರೆಗೂ ಇದೆ, ಎರಡೂ ಕಡೆ ಬಂಡೆ ಗೋಡೆ ತರ ನೇರ ನೀರಿಗೇ ಇಳಿದಿದೆ, ಹಾಗಾಗಿ ದಡದಲ್ಲಿ ಸುತ್ತೋಕೆ ದಾರಿನೇ ಇಲ್ಲ. ಬೋಟುಗಳು 1909ರಿಂದ್ಲೂ ಬ್ಯಾಟರಿಲೇ ಓಡೋದು, ಡೀಸೆಲ್ ವಾಸನೆ ಇಲ್ಲ ಸದ್ದಿಲ್ಲ. ಅರ್ಧ ದಾರೀಲಿ ನಿಲ್ಲಿಸಿ ಬೋಟಿನವರು ತುತ್ತೂರಿ ಊದ್ತಾರೆ, ಅದು ಬಂಡೆಗೆ ಬಡಿದು ಹಾಗೇ ಸ್ವರಕ್ಕೆ ಸ್ವರ ವಾಪಸ್ ಬರುತ್ತೆ, ನಮ್ಮ ಮಾವ ಇನ್ನೊಬ್ರು ಯಾರೋ ಆ ಕಡೆ ಗುಡ್ಡದಲ್ಲಿ ಕೂತು ಊದ್ತಿದಾರೆ ಅಂತ್ಲೇ ವಾದ ಮಾಡಿದ್ರು. ಊದಿದ್ಮೇಲೆ ಟಿಪ್ಸ್‌ಗೆ ಬರ್ತಾರೆ, ಚಿಲ್ರೆ ಇಟ್ಕೊಂಡಿರಿ.

ಸಾಲೆಟ್‌ನಲ್ಲಿ ಇಳಿದು ಒಂದು ಕಾಲು ಗಂಟೆ ನಡೆದ್ರೆ ಓಬರ್‌ಸೇ, ಅಂದ್ರೆ ಮೇಲಿನ ಕೆರೆ, ದಾರಿ ಹೆಚ್ಚುಕಮ್ಮಿ ಸಮ, ಅಮ್ಮ ಆರಾಮಾಗಿ ಬರ್ತಾರೆ. ಗಾಳಿ ಇಲ್ದೇ ಇದ್ರೆ ಗುಡ್ಡ ಪೂರ್ತಿ ತಲೆಕೆಳಗಾಗಿ ನೀರಲ್ಲಿ ಕಾಣುತ್ತೆ, ಅದಕ್ಕೇ ಬೆಳಿಗ್ಗೆ ಅಂದಿದ್ದು. ಅಲ್ಲಿಂದಾಚೆ ದಡದಲ್ಲಿ ಕಾಲ್ದಾರಿ ಇದೆ ಆದ್ರೆ ಕಲ್ಲು ಮೆಟ್ಟಿಲು, ಕಿರಿದು, ಅಮ್ಮನ್ನ ಇಲ್ಲೇ ನೆರಳಲ್ಲಿ ಕೂರಿಸಿ ನೀವು ಅಪ್ಪ ಮುಂದೆ ಹೋಗಿ. ಮುಕ್ಕಾಲು ಗಂಟೇಲಿ ಆಚೆ ದಡದ ಫಿಶುಂಕೆಲ್ ಆಲ್ಮ್ ಸಿಗುತ್ತೆ, ಬೇಸಿಗೇಲಿ ದನ ಹೊಡ್ಕೊಂಡು ಬಂದು ಇರ್ತಾರಲ್ಲ ಆ ತರದ ಗುಡಿಸಲು. ಇನ್ನೂ ಅರ್ಧ ಗಂಟೆ ಹೋದ್ರೆ ರೋತ್‌ಬಾಖ್ ಫಾಲ್ಸ್, 470 ಮೀಟರ್, ಜರ್ಮನಿಯಲ್ಲೇ ಎತ್ತರದ್ದು.

ಜೋಗದ ವಿಷ್ಯಕ್ಕೆ ಬಂದ್ರೆ, ಲೆಕ್ಕದಲ್ಲಿ ಇದು ಜೋಗದ 253 ಮೀಟರ್‌ಗಿಂತ ಹತ್ರಹತ್ರ ಎರಡರಷ್ಟು. ಆದ್ರೆ ಜೋಗದ ಆರ್ಭಟ ಇಲ್ಲ, ಬಂಡೆಗೆ ಅಂಟ್ಕೊಂಡು ಹಾಲಿನ ಗೆರೆ ಜಾರಿದ ಹಾಗೆ ಬೀಳುತ್ತೆ. ಫಾಲ್ಸ್ ತೋರಿಸ್ತೀನಿ ಅಂತ ಮೊದ್ಲೇ ಬಿಲ್ಡಪ್ ಕೊಡ್ಬೇಡಿ, ಆ ಕಣಿವೆ ತೋರಿಸೋಕೆ ಕರ್ಕೊಂಡು ಹೋಗಿ.

ಹುಬ್ಳಿ_ಹೈದ:

ಸುಮಾ ಅಕ್ಕಾರು ಹೇಳಿದ್ದು ಖರೇ ಐತ್ರಿ, ಆದ್ರ ವಾಪಸ್ ಬರೂದರ ಬಗ್ಗೆ ಹೇಳಿಲ್ಲ. ನಾವು ಆಗಸ್ಟ್‌ನ್ಯಾಗ ಹೋಗಿದ್ವಿ, ಫಾಲ್ಸ್ ಮುಂದ ಕುಂತು ಡಬ್ಬಿ ಬಿಚ್ಚಿ ಉಂಡು ಮಲಗಿ ಎದ್ದು ಸಾಲೆಟ್‌ಗೆ ಬರೂದ್ರಾಗ ಬೋಟಿನ ಪಾಳಿ ಜಾತ್ರಿ ಪಾಳಿ ಆಗಿತ್ತು, ಒಂದೂವರೆ ತಾಸು ನಿಂತ್ವಿ, ಕಡೀ ಬೋಟ್ ತಪ್ಪಿದ್ರ ಅಲ್ಲಿಂದ ರೋಡೂ ಇಲ್ಲ ಏನೂ ಇಲ್ಲ. ಬೋಟ್ ಇಳಿದ ತಕ್ಷಣ ಕಡೀ ಬೋಟಿನ ಟೈಮ್ ಫೋಟೋ ಹೊಡ್ಕೋರಿ, ಮಧ್ಯಾಹ್ನ ಎರಡರೊಳಗ ಹೊಳ್ಳಿ ಬರ್ರಿ.

ಇನ್ನ ಬಂಡೆ ತುದೀಗಿನ ಗುಂಡಿ ಅಂದ್ರಲ್ಲ, ಅದು ಕೋನಿಗ್ಸ್‌ಬಾಖ್ ಹಳ್ಳದ್ದು, ಅದನ್ನ ಮರೀರಿ. ಇನ್‌ಸ್ಟಾಗ್ರಾಂ ನೋಡಿ ಮಂದಿ ಮುಗಿಬಿದ್ದು ಗಿಡಗಂಟಿ ಎಲ್ಲಾ ತುಳಿದು ಹಾಳು ಮಾಡಿದ್ರು, 2019ರಾಗ ಇಬ್ಬರು ಹುಡುಗರು ಅಲ್ಲೇ ಮುಳುಗಿ ಸತ್ರು, 2021ರಾಗ ಆ ಜಾಗಕ್ಕ ಹೋಗೂದನ್ನ ಬಂದ್ ಮಾಡ್ಯಾರ, ಹೋದ್ರ ಭಾರಿ ದಂಡ. ಐಸ್ ಗುಹೆನೂ ಬ್ಯಾಡ. ಸೇಂಟ್ ಬಾರ್ತೊಲೊಮೆಯಿಂದ ಮ್ಯಾಲೆ, ವಾಟ್ಸ್‌ಮನ್ ಬೆಟ್ಟದ ಪೂರ್ವದ ಗೋಡೆ ಬುಡದಾಗ ಹಿಮ ಜಾರಿ ಬಂದು ಬಿದ್ದ ರಾಶ್ಯಾಗ ಆಗಿದ್ದ ಗುಹೆ ಅದು, 2025ರಾಗ ಕುಸಿದು ಬಿತ್ತು, ಮತ್ತ ದಾರಿ ಪೂರಾ ಏರು, ನಿಮ್ಮ ಅವ್ವಾರ ಮಂಡಿಗೆ ಆಗೂ ಮಾತಲ್ಲ.

ಆ ವಾಟ್ಸ್‌ಮನ್‌ದು ಒಂದು ಕಥಿ ಐತಿ, ಅಪ್ಪಾರಿಗೆ ಬೋಟಿನ್ಯಾಗ ಹೇಳ್ರಿ. 2713 ಮೀಟರ್ ಶಿಖರ ಅಂದ್ರ ರಾಜ, ಬಾಜೂಕ ಸಣ್ಣದು ಹೆಂಡ್ತಿ, ನಡುವ ಸಾಲಾಗಿ ಮಕ್ಕಳು. ರೈತರನ್ನ ಕುದುರಿ ಕಾಲಾಗ ತುಳಿಸಿದ ದುಷ್ಟ ರಾಜ, ಶಾಪ ತಟ್ಟಿ ಸಂಸಾರ ಸಮೇತ ಕಲ್ಲಾದ ಅಂತ. ಊರಾಗಿಂದ ನೋಡಿದ್ರ ಖರೇನ ಹಂಗ ಕಾಣ್ತೈತಿ.

ರಣಹದ್ದು_ರಾಮನಗರ:

ಎರಡನೇ ದಿನಕ್ಕೆ ನಾನು ಹೇಳ್ತೀನಿ. ಯೆನ್ನರ್ ಕೇಬಲ್ ಕಾರ್ ಎಲ್ರೂ ಹೇಳ್ತಾರೆ, ಮೇಲಿಂದ ಕೆರೆ ಪೂರ್ತಿ ಕಾಣುತ್ತೆ ನಿಜ, ಆದ್ರೆ ಮೂರು ಜನಕ್ಕೆ ದುಡ್ಡು ಜಾಸ್ತಿ, ಮೋಡ ಬಂದ್ರೆ ಎಲ್ಲ ಬಿಳಿ, ಅಲ್ಲಿ ಮಳೆ ಬೇರೆ ಹೇಳದೇ ಕೇಳದೇ ಬರುತ್ತೆ. ಬದ್ಲು ರಾಮ್ಸೌ ಕಡೆ ಬಸ್ ಹತ್ತಿ ಹಿಂಟರ್‌ಸೇಗೆ ಹೋಗಿ. ಸಾವಿರಾರು ವರ್ಷದ ಹಿಂದೆ ಗುಡ್ಡ ಕುಸಿದು ಹೊಳೆಗೆ ಅಡ್ಡ ಬಿದ್ದು ಆದ ಕೆರೆ ಅದು, ಆ ಕುಸಿದ ಬಂಡೆಗಳ ಮೇಲೇ ಪಾಚಿ ಕಟ್ಟಿ ಸ್ಪ್ರೂಸ್ ಮರ ಬೆಳೆದಿದಾವೆ, ಮಾಯಾಕಾಡು ಅಂತ್ಲೇ ಅದರ ಹೆಸರು. ಆಗುಂಬೆ ಕಡೆಯವರಿಗೆ ಪಾಚಿ ಹೊಸದಲ್ಲ ಬಿಡಿ, ಆದ್ರೆ ಇಂಬಳ ಕಾಟ ಇಲ್ದೇ ಪಾಚಿ ಕಾಡಲ್ಲಿ ನಿಂತ್ಕೊಳ್ಳೋದು ಒಂದು ಸುಖ ಅಲ್ವಾ.

ಅಲ್ಲಿಂದ ಕ್ಲೌಸ್‌ಬಾಖ್ ಕಣಿವೆ ಶುರು, ಪಾರ್ಕಿನ ಒಳಗೆ. ಪ್ರೈವೇಟ್ ಕಾರ್ ಬಿಡಲ್ಲ, ಆದ್ರೆ ಬೇಸಿಗೇಲಿ ಒಂದು ಬಸ್ ಹಿಂಟರ್‌ಸೇಯಿಂದ ಆಸ್ಟ್ರಿಯಾ ಗಡಿ ವರೆಗೂ ಹೋಗುತ್ತೆ, ನಿಮ್ಮಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ, ಮಂಡಿಗೆ ಕೆಲಸವೇ ಇಲ್ಲ. ನಾನು ಅಲ್ಲಿಗೆ ಹೋಗೋದು ಮಾತ್ರ ಗಡ್ಡದ ರಣಹದ್ದಿಗೆ. ಕುರಿಮರಿ ಎತ್ಕೊಂಡು ಹೋಗುತ್ತೆ ಅಂತ ತಪ್ಪು ತಿಳ್ಕೊಂಡು ಜನ ಅದನ್ನ ಹೊಡೆದು ಹೊಡೆದು ನೂರು ವರ್ಷದ ಹಿಂದೇನೇ ಆಲ್ಪ್ಸ್‌ನಲ್ಲಿ ನಿರ್ನಾಮ ಮಾಡಿದ್ರು, ಪಾಪ ಅದು ತಿನ್ನೋದು ಸತ್ತ ಪ್ರಾಣಿಯ ಮೂಳೆ. ದೊಡ್ಡ ಮೂಳೆ ಸಿಕ್ಕಿದ್ರೆ ಮೇಲಿಂದ ಬಂಡೆಗೆ ಹಾಕಿ ಒಡೆದು ತಿನ್ನುತ್ತೆ. 2021ರಲ್ಲಿ ವಾಲಿ, ಬವೇರಿಯಾ ಅಂತ ಎರಡು ಮರಿ ತಂದು ಈ ಕಣಿವೆಯ ಬಂಡೆ ಗೂಡಲ್ಲಿ ಬಿಟ್ರು, ಆಮೇಲಿನ ವರ್ಷಗಳಲ್ಲೂ ಬಿಟ್ಟಿದಾರೆ. ವಾಲಿ 2022ರಲ್ಲಿ ಸತ್ತೋಯ್ತು. ಜೂನ್ ಕೊನೆ ಅಂದ್ರೆ ಮರಿಗಳು ಇನ್ನೂ ಹಾರದೆ ಗೂಡಲ್ಲೇ ರೆಕ್ಕೆ ಬಡೀತಿರೋ ಸಮಯ, ಈ ವರ್ಷದ್ದು ಏನು ಅಂತ ಪಾರ್ಕ್ ಸೈಟಲ್ಲಿ ನೋಡ್ಕೊಂಡು ಹೋಗಿ. ರೆಕ್ಕೆ ಬಿಚ್ಚಿದ್ರೆ ಮೂರು ಮೀಟರ್‌ಗೆ ಒಂಚೂರು ಕಮ್ಮಿ. ನಮ್ಮ ರಾಮದೇವರ ಬೆಟ್ಟದಲ್ಲಿ ಬಿಸಿಲಲ್ಲಿ ಕೂತು ಹದ್ದು ಎಣಿಸಿದವನಿಗೆ ಇಲ್ಲಿ ಜಾಕೆಟ್ ಹಾಕ್ಕೊಂಡು ಎಣಿಸೋದು ವಿಚಿತ್ರ ಅನ್ಸುತ್ತೆ.

ಮಳೆ ಜಾಸ್ತಿ ಆದ್ರೆ ಬೆರ್ಖ್ಟೆಸ್‌ಗಾಡನ್ ಊರಲ್ಲೇ ಪಾರ್ಕಿನವರ ಮಾಹಿತಿ ಕೇಂದ್ರ ಇದೆ, ಚೆನ್ನಾಗಿದೆ.

ಮಲ್ನಾಡ್_ಇನ್_ಮ್ಯೂನಿಕ್:

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಪ್ಲಾನ್ ಆಗೇ ಹೋಯ್ತು. ವಿಂಬಾಖ್ ಕೊರಕಲು ಬಿಡೋದಾ ಹಾಗಾದ್ರೆ? ಮತ್ತೆ ಊಟ?

ಸುಮಾ_ರೋಸನ್‌ಹೈಮ್:

ಕೊರಕಲು ಚೆನ್ನಾಗಿದೆ, ಬಂಡೆ ಗೋಡೆಯಿಂದ ನೀರು ಜಾಲರಿ ತರ ಸುರೀತಿರುತ್ತೆ, ಮರದ ಅಟ್ಟಣಿಗೆ ಮೇಲೆ ನಡ್ಕೊಂಡು ಹೋಗೋದು, ಆದ್ರೆ ಬಸ್ ಸ್ಟಾಪಿಂದ ಅಲ್ಲೀವರೆಗೂ ಏರು, ವಾಪಸ್ ಅದೇ ಇಳಿಜಾರು. ಅಮ್ಮನ ಜೊತೆ ಬೇಡ.

ಊಟಕ್ಕೆ ಚಪಾತಿ ಚಟ್ನಿಪುಡಿ ಕಟ್ಕೊಳ್ಳಿ. ಆಲ್ಮ್‌ನಲ್ಲಿ ಬ್ರೆಡ್ಡು ಬೆಣ್ಣೆ ಚೀಸು ಮಜ್ಜಿಗೆ ಸಿಗುತ್ತೆ. ಸ್ವೀಟ್ ಅಂತ ಕೈಸರ್‌ಶ್ಮಾರ್ನ್ ಕೊಡಿಸ್ಬಿಟ್ಟೀರ, ಅದು ಪೂರ್ತಿ ಮೊಟ್ಟೆ. ಟ್ರೈನಿಗೆ ಬಯರ್ನ್ ಟಿಕೆಟ್ ಅಂತ ಬವೇರಿಯಾ ಒಳಗೆ ಓಡಾಡೋಕೆ ಒಂದು ದಿನದ ಟಿಕೆಟ್ ಇದೆ, ಅದನ್ನ ತಗೊಳ್ಳಿ, ಐದು ಜನದ ವರೆಗೂ ಒಂದೇ ಟಿಕೆಟ್, ವಾರದ ದಿನ ಒಂಬತ್ತರ ಮೇಲೆ ನಡೆಯುತ್ತೆ, ಫ್ರೈಲಾಸಿಂಗ್‌ನಲ್ಲಿ ಬದ್ಲಾಯಿಸ್ಬೇಕು. ಅಂದ್ರೆ ಹೋದ ದಿನ ಮೊದಲ ಬೋಟ್ ಸಿಗಲ್ಲ, ಹಿಂಟರ್‌ಸೇ ಮೊದಲ ದಿನ, ಕೋನಿಗ್ಸ್‌ಸೇ ಮಾರನೇ ದಿನ ಇಟ್ಕೊಳ್ಳಿ.

ಆಲ್ಮ್ ಅಂದಾಗ ನೆನಪಾಯ್ತು, ಆ ಫಿಶುಂಕೆಲ್ ದನಗಳೂ ಬೋಟಲ್ಲೇ ಓಡಾಡೋದು. ಶರತ್ಕಾಲದಲ್ಲಿ ಕೆಳಗೆ ಇಳಿಸ್ವಾಗ ದೊಡ್ಡ ಚಪ್ಪಟೆ ದೋಣಿಲಿ ನಿಲ್ಲಿಸ್ಕೊಂಡು ಕೆರೆ ದಾಟಿಸಿ, ಆಮೇಲೆ ತಲೆಗೆ ಬಣ್ಣದ ಕಿರೀಟ ಕಟ್ಟಿ ಮೆರವಣಿಗೆ, ನಮ್ಮ ದೀಪಾವಳಿ ಗೋಪೂಜೆ ತರಾನೇ. ಆ ವರ್ಷ ಮೇಲೆ ದನ ಏನಾದ್ರೂ ಸತ್ತಿದ್ರೆ, ಮನೇಲಿ ಸಾವಾಗಿದ್ರೆ ಸಿಂಗಾರ ಮಾಡಲ್ಲ.

ಮಲ್ನಾಡ್_ಇನ್_ಮ್ಯೂನಿಕ್:

ನಿನ್ನೆ ರಾತ್ರಿ ಅಪ್ಪಂಗೆ ಫೋನಲ್ಲಿ ಕೆರೆ, ಹದ್ದು, ರಾಜನ ಕಥೆ ಎಲ್ಲ ಹೇಳಿದೆ, ಹೂಂ ಹೂಂ ಅಂತಿದ್ರು. ದನಾನ ದೋಣಿಲಿ ದಾಟಿಸ್ತಾರೆ ಅಂದೆ ನೋಡಿ, ಎದ್ದು ಕೂತ್ರು. ಯಾವ ತಳಿ, ಹೊತ್ತಿಗೆ ಎಷ್ಟು ಲೀಟರ್ ಕೊಡುತ್ತೆ, ದೋಣಿಲಿ ಹೆದರಲ್ವಾ ಅಂತ. ಯಾರಿಗಾದ್ರೂ ಗೊತ್ತಾ?

ಹುಬ್ಳಿ_ಹೈದ:

ಪಿಂಟ್ಸ್‌ಗೌವರ್ ಅಂತ ಆ ಕಡೀದು ಹಳೀ ತಳಿ, ಕಂದು ಮೈ, ಬೆನ್ನಿನ ಮ್ಯಾಲೆ ಉದ್ದಕ ಬಿಳಿ ಪಟ್ಟಿ. ಫ್ಲೆಕ್‌ಫೀನೂ ಅದಾವು. ಲೀಟರ್ ಲೆಕ್ಕ ಅಪ್ಪಾರು ಆಲ್ಮ್‌ನ್ಯಾಗ ಖುದ್ದು ಕೇಳ್ಲಿ, ನೀವು ಜರ್ಮನ್‌ನ್ಯಾಗ ಹೇಳ್ರಿ. ಕಡೀ ಬೋಟಿನ ಟೈಮ್ ಮಾತ್ರ ಮರೀಬ್ಯಾಡ್ರಿ.