ಅಪ್‌ಡೇಟ್: ಸಜ್ಜೆ ಹಿಟ್ಟಿನ ಕಹಿ ಹೋಯಿತು!

ನಮ್ಮ ಸಣ್ಣ ಘಟಕದಲ್ಲಿ ಬೀಸಿದ ಸಜ್ಜೆ ಹಿಟ್ಟು ಸ್ವಲ್ಪ ದಿನಕ್ಕೇ ಕಹಿಯಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಕಾಳನ್ನು ಕುದಿನೀರಲ್ಲಿ ಅದ್ದಿ ಒಣಗಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ಸಜ್ಜೆಯಲ್ಲಿ ಸುಮಾರು 5% ಕೊಬ್ಬಿದೆ. ಬೀಸಿದ ಕೂಡಲೇ ಲೈಪೇಸ್ ಅನ್ನೋ ಕಿಣ್ವ ಅದನ್ನು ಒಡೆಯಲು ಶುರು ಮಾಡುತ್ತದೆ. ಬೀಸುವ ಮೊದಲೇ ಬಿಸಿ ತಾಗಿಸಿದರೆ ಆ ಕಿಣ್ವದ ಆಟ ನಡೆಯುವುದಿಲ್ಲ. ಈಗ ಕಾಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ 30 ಸೆಕೆಂಡ್ ಕುದಿನೀರಲ್ಲಿ ಅದ್ದುತ್ತೇವೆ, ತಕ್ಷಣ ತಣ್ಣೀರಿಗೆ ಹಾಕುತ್ತೇವೆ. ಆಮೇಲೆ ಹಲ್ಲಲ್ಲಿ ಕಡಿದರೆ ಕಟಕ್ ಅನ್ನುವವರೆಗೆ ಒಣಗಿಸಬೇಕು. ಇದಕ್ಕೇ ಜಾಸ್ತಿ ಹೊತ್ತು ಬೇಕು. ತೇವ ಉಳಿದರೆ ಬೂಷ್ಟು ಗ್ಯಾರಂಟಿ.

ಹೊಟ್ಟು ತೆಗೆಯುವುದಿಲ್ಲ, ನಾರು ಇರುವುದೇ ಅದರಲ್ಲಿ ಅಲ್ವಾ? ಕೆಟ್ಟು ವಾಪಸ್ ಬರುವ ಪ್ಯಾಕೆಟ್ ನಿಂತಿದೆ, ಹಾಗಾಗಿ ಬೆಲೆ ಏರಿಸದೇ ಮಾರುತ್ತಿದ್ದೇವೆ.